ಕೀಲಿ ನನ್ನ ಸೆರಗಿನಲ್ಲಿತ್ತು

ಲೇಕ್ ಮಾರ್ಕೆಟ್ ಹಿಂದುಗಡೆ, ಕಲಕತ್ತ
3-12-1973, ಸೋಮವಾರ

ಚಿ. ಸೌ. ಕೋಕಿಲಾಳಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಾನೂ ನಿನ್ನ ಮಾವನವರೂ ಇಲ್ಲಿ ಆರೋಗ್ಯದಿಂದಿದ್ದೇವೆ. ನೀನು ಹೇಗಿದ್ದೀ? ಡಿಸೆಂಬರ್ ಬಂತೆಂದರೆ ನಿನಗೆ ಮೂಗು ಕಟ್ಟುತ್ತದೆ, ಬಾರಾನಗರದಲ್ಲಿ ನದಿಯ ಗಾಳಿ ಬೇರೆ. ಕಿಟಕಿ ಹಾಕಿಕೊಂಡು ಮಲಗು. ಶುಂಠಿ ಕಷಾಯ ಕಂಡರೆ ಮುಖ ತಿರುಗಿಸುವವಳು ನೀನು. ಇಲ್ಲಿ ನಾನು ಎದುರಿಗೆ ನಿಂತು ಕುಡಿಸುತ್ತಿದ್ದೆ, ಅಲ್ಲಿ ಯಾರು ನಿಲ್ಲುತ್ತಾರೋ ಕಾಣೆ. ನಿನ್ನ ಅಮ್ಮನ ಮಂಡಿನೋವು ಹೇಗಿದೆ? ಬಿಸಿ ಎಣ್ಣೆ ಹಚ್ಚಿದ ಮೇಲೆ ತಣ್ಣೀರು ಮುಟ್ಟಬಾರದೆಂದು ಹೇಳು. ನಿನ್ನ ಅಪ್ಪ ರಂಗನಾಥರಾಯರಿಗೆ ನನ್ನ ನಮಸ್ಕಾರ ತಿಳಿಸು. ಆದರೆ ಈ ಕಾಗದವನ್ನು ಅವರ ಕೈಗೆ ಕೊಟ್ಟು ಓದಿಸಿಕೊಳ್ಳಬೇಡ. ನಿನಗೆ ಕನ್ನಡ ಓದುವುದು ನಿಧಾನವೆಂದು ತಿಳಿದೇ ದೊಡ್ಡ ಅಕ್ಷರದಲ್ಲಿ ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ. ಈ ಊರಿನಲ್ಲೇ ಹುಟ್ಟಿ ಇಂಗ್ಲಿಷ್ ಶಾಲೆಗೆ ಹೋದದ್ದು ನಿನ್ನ ತಪ್ಪಲ್ಲ. ಎರಡು ದಿನ ಹಿಡಿದರೂ ಹಿಡಿಯಲಿ, ನೀನೇ ಓದು. ಅವರಿಗೆ ಹೇಳಬೇಕಾದದ್ದನ್ನು ಹೇಳಲು ನನಗೆ ಬಾಯಿದೆ.

ನೀನು ಚೀಲ ಹಿಡಿದು ತವರಿಗೆ ಹೋಗಿ ಇಂದಿಗೆ ಇಪ್ಪತ್ತೇಳು ದಿನ. ಒಂದೇ ಊರಿನಲ್ಲಿದ್ದುಕೊಂಡು ಅತ್ತೆ ಸೊಸೆಗೆ ಅಂಚೆಯಲ್ಲಿ ಕಾಗದ ಹಾಕುವ ಕಾಲ ಬಂತಲ್ಲ ಎಂದು ಅಂಚೆಯವನು ನಗಬಹುದು, ನಗಲಿ. ಸುಧಾಕರ ಬ್ಯಾಂಕಿನ ತಪಾಸಣೆಗೆಂದು ಸಿಲಿಗುರಿಗೆ ಹೋಗಿ ಹದಿನಾಲ್ಕು ದಿನವಾಯಿತು, ಮಗನಾದರೂ ಅವನಿಗೆ ನಾನು ಏನೂ ಬರೆದಿಲ್ಲ. ಹೋಗುವ ಮುಂಚೆಯೂ ಅವನು ನನ್ನ ಹತ್ತಿರ ಉಪ್ಪು ಬೇಕು, ಮಜ್ಜಿಗೆ ಬೇಕು ಎನ್ನುವುದಕ್ಕಿಂತ ಹೆಚ್ಚಿಗೆ ಮಾತಾಡುತ್ತಿರಲಿಲ್ಲ. ವಾರಕ್ಕೆ ಎರಡು ಸಲ ನಿನ್ನನ್ನು ನೋಡಲು ಬಾರಾನಗರಕ್ಕೆ ಹೋಗಿ ಬರುತ್ತಿದ್ದ, ಬಂದು ಸುಮ್ಮನೆ ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದ. ನಾನಾಗಿ ಕೇಳಲಿಲ್ಲ. ಕೇಳುವ ಅಭ್ಯಾಸ ನನಗಿಲ್ಲವೆಂದು ನಿಮಗೆಲ್ಲ ಗೊತ್ತಿದೆ. ಈಗ ಕಾರಿನ ವಿಷಯ ಇತ್ಯರ್ಥವಾಗಿದೆ. ಅದನ್ನು ನೀನು ಬೇರೆ ಯಾರ ಬಾಯಿಂದಲಾದರೂ ಕೇಳುವ ಮೊದಲು ನನ್ನಿಂದಲೇ ತಿಳಿಯಬೇಕು. ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ. ಮೊದಲಿನಿಂದ ಕ್ರಮವಾಗಿ ಹೇಳದಿದ್ದರೆ ನನ್ನ ಸಿಟ್ಟಿಗೆ ತಲೆಬುಡ ಇರುವುದಿಲ್ಲ. ಸಿಟ್ಟು ಬಂದಿದೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರ ಯಾರ ಮೇಲೆ ಎನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ.

ಯುಗಾದಿಗೆ ಅಂಬಾಸಿಡರ್ ಮನೆಗೆ ಬಂತು. ಹಳೆಯ ಗಾಡಿಯಾದರೂ ನಾಲ್ಕು ತಿಂಗಳು ಚಕಾರವೆತ್ತದೆ ಓಡಿತು. ನಮ್ಮ ಎರಡೂ ಮನೆತನಗಳಲ್ಲಿ ಕಾರು ಇಟ್ಟವರಲ್ಲಿ ನಾವೇ ಮೊದಲಿಗರು. ನಿನ್ನ ಮಾವನವರು ಮೂವತ್ತು ವರ್ಷ ಟ್ರಾಮಿನಲ್ಲಿ ನಿಂತು ಬ್ಯಾಂಕಿಗೆ ಹೋಗಿ ಬಂದವರು. ಹಾಗಾಗಿ ನಾನು ಆ ಗಾಡಿಯನ್ನು ಮನೆಯ ಒಂದು ಜೀವದಂತೆ ನೋಡಿಕೊಂಡದ್ದು ಸುಳ್ಳಲ್ಲ. ಗಾಡಿಯ ಶಕ್ತಿಯೆಲ್ಲ ಇರುವುದು ಎಲ್ಲಿ ಎಂದು ಒಂದು ದಿನ ಸುಧಾಕರನನ್ನು ಕೇಳಿದೆ. "ಬ್ಯಾಟರಿಯಲ್ಲಿ ಅಮ್ಮ. ಅದಿಲ್ಲದಿದ್ದರೆ ಇದು ಬರೀ ತಗಡು" ಎಂದ. ಇದನ್ನು ಅವನು ಹೇಳಿದ್ದು ನೀನೂ ಕೇಳಿದ್ದೀ. ಮುಂದೆ ಅವನು ಹೇಳಲಿಲ್ಲ ಎಂದರೆ ನೀನು ಸಾಕ್ಷಿ. ವರಮಹಾಲಕ್ಷ್ಮಿ ವ್ರತದ ದಿನ ಬಾನೆಟ್ ತೆಗೆಸಿ, ಬ್ಯಾಟರಿಗೆ ಅರಿಶಿನ ಕುಂಕುಮ ಕಲಸಿ ಹಚ್ಚಿ, ಗಂಧ ಇಟ್ಟು, ಹೂವೇರಿಸಿ, ಪಂಚಾಮೃತ ಪ್ರೋಕ್ಷಣೆ ಮಾಡಿದೆ. ಅಂದಿನಿಂದ ಒಂದು ಶುಕ್ರವಾರವೂ ತಪ್ಪಿಸಿಲ್ಲ. ನನ್ನ ಅಪ್ಪ ಕುಂದಾಪುರದಲ್ಲಿ ಅಕ್ಕಿ ಗಿರಣಿಯ ಎಂಜಿನಿಗೆ ನಲವತ್ತು ವರ್ಷ ಹೀಗೆಯೇ ಪೂಜೆ ಮಾಡಿದವರು, ಆ ಎಂಜಿನು ಒಂದು ದಿನವೂ ಮುನಿಸಿಕೊಂಡದ್ದಿಲ್ಲ.

ಶ್ರಾವಣ ಕಳೆಯುವಷ್ಟರಲ್ಲಿ ಕಾರು ಬೆಳಿಗ್ಗೆ ಏಳಲು ತಕರಾರು ತೆಗೆಯಿತು. ಎರಡು ದಿನ ನಿಲ್ಲಿಸಿದರೆ ನರಳಿಕೊಂಡು ಏಳುತ್ತಿತ್ತು, ವಾರ ನಿಲ್ಲಿಸಿದರೆ ಟಕ್ ಎಂದು ಒಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಬ್ಯಾಟರಿಯನ್ನು ಅಂಗಡಿಗೆ ಹೊತ್ತು ಚಾರ್ಜು ತುಂಬಿಸಿ ತಂದರೆ ಮತ್ತೆ ಅದೇ ಕಥೆ. ರಾಸಬಿಹಾರಿ ರಸ್ತೆಯ ಗಾಡಿ ರಿಪೇರಿಯ ಮಿಸ್ತ್ರಿ ಬಂದ. ಬಾನೆಟ್ ಎತ್ತಿ, ಕುಂಕುಮ ಕಂಡು ಎರಡೂ ಕೈ ಹಣೆಗೆ ಮುಟ್ಟಿಸಿ, "ಮಾಶಿಮಾ, ಡೈನಮೋ ಗ್ಯಾಛೆ" ಎಂದ, ಗಾಡಿ ಓಡುವಾಗ ಬ್ಯಾಟರಿ ತುಂಬಿಸುವ ಡೈನಮೋ ಹೋಯಿತಂತೆ. ಅದನ್ನು ಬಿಚ್ಚಿ, ಒಳಗೆ ಏನೋ ಬದಲಿಸಿ, ಚಹಾ ಕುಡಿದು ಹೋದ. ಆಮೇಲೆ ಭವಾನಿಪುರದ ಸರ್ದಾರ್ಜಿ ಬಂದ. ಅವನೂ ಕೈಮುಗಿದ. ಡೈನಮೋಗೆ ಏನೂ ಆಗಿಲ್ಲ, ಮೊದಲಿನವನು ಕತ್ತೆ, ತಪ್ಪಿರುವುದು ಬ್ಯಾಟರಿಗೆ ಕರೆಂಟು ಬಿಡುವ ಕಟೌಟಿನಲ್ಲಿ ಎಂದು ಒಂದು ಕಪ್ಪು ಪೆಟ್ಟಿಗೆಯ ಮುಚ್ಚಳ ತೆಗೆದು ಉಜ್ಜಿದ. "ಮಾತಾಜಿ, ಅಬ್ ಗಾಡಿ ಬಿಲ್ಕುಲ್ ಠೀಕ್" ಎಂದ. ಆರು ದಿನಕ್ಕೆ ಗಾಡಿ ಮತ್ತೆ ಮಲಗಿತು. ಇಬ್ಬರೂ ಕುಂಕುಮಕ್ಕೆ ಕೈಮುಗಿದರಲ್ಲ, ಭಕ್ತಿಯುಳ್ಳವರು ಎಂದು ನಾನು ಆಗ ಮೆಚ್ಚಿದ್ದೆ. ಈಗ ಅದನ್ನು ನೆನೆಸಿಕೊಂಡರೆ ಅವರಿಗೆ ಕೊಟ್ಟ ಚಹಾಕ್ಕೂ ಸಕ್ಕರೆಗೂ ಹೊಟ್ಟೆ ಉರಿಯುತ್ತದೆ.

ಕಡೆಗೆ ಸುಧಾಕರ ತಾನೇ ಗಾಡಿಯ ಪುಸ್ತಕ ತೆರೆದು ಕೂತ. ಅಕ್ಟೋಬರ್ ಇಪ್ಪತ್ತೆಂಟು, ಭಾನುವಾರ. ನೀನು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಓದಿ ಹೇಳುತ್ತಿದ್ದೆ. ಬ್ಯಾಟರಿಯ ತಲೆಯ ಮೇಲಿನ ಎರಡು ಕೊಂಬುಗಳಲ್ಲಿ ಒಂದರ ತಂತಿ ಕಳಚಿ, ತಂತಿಗೂ ಕೊಂಬಿಗೂ ನಡುವೆ ಒಂದು ಚಿಕ್ಕ ಬಲ್ಬು ಸಿಕ್ಕಿಸಿದ. ಗಾಡಿ ನಿಂತಿರುವಾಗ ಎಲ್ಲಾದರೂ ಕರೆಂಟು ಸೋರುತ್ತಿದ್ದರೆ ಅದು ಈ ಬಲ್ಬಿನ ಮೂಲಕವೇ ಹೋಗಬೇಕು, ಬಲ್ಬು ಹತ್ತಬೇಕು, ಆಗ ಒಂದೊಂದೇ ತಂತಿ ಕೀಳುತ್ತಾ ಹೋದರೆ ಯಾವುದನ್ನು ಕಿತ್ತಾಗ ಬಲ್ಬು ಆರುತ್ತದೋ ಅದೇ ಕಳ್ಳ ಎಂದು ನನಗೆ ವಿವರಿಸಿದ. ನಾನು ಹೈಸ್ಕೂಲು ಮುಗಿಸಿದವಳು, ವಿವರಿಸದಿದ್ದರೂ ತಿಳಿಯುತ್ತಿತ್ತು. ಬಲ್ಬು ಹತ್ತಲೇ ಇಲ್ಲ. ಹಾರ್ನ್, ಒಳಗಿನ ದೀಪ, ಡಿಕ್ಕಿ, ಎಲ್ಲ ನೋಡಿದ, ಮಿಣುಕು ಕೂಡ ಇಲ್ಲ. "ಅಮ್ಮ, ಗಾಡಿಯಲ್ಲಿ ಏನೂ ದೋಷ ಇಲ್ಲ" ಎಂದು ಕೈ ಒರೆಸಿಕೊಂಡ. ಗಾಡಿಯಲ್ಲಿ ದೋಷ ಇಲ್ಲ ಎಂದ ಮೇಲೆ ಮನುಷ್ಯರಲ್ಲಿ ಇರಬೇಕಲ್ಲ? ನಾನು ಹಾಗೆ ಲೆಕ್ಕ ಹಾಕಿದೆ. ನೀನಾಗ ಗಾಡಿ ಓಡಿಸಲು ಕಲಿಯುತ್ತಿದ್ದೆ. ಅವನು ಆಫೀಸಿಗೆ ಹೋದಾಗ ನಿಂತ ಗಾಡಿಯಲ್ಲೇ ಕೂತು ಕ್ಲಚ್ಚು ಗೇರು ಎಂದು ಅಭ್ಯಾಸ ಮಾಡುತ್ತಿದ್ದೆ. ಅದರ ಮುಂದಿನ ಬುಧವಾರವೂ ಅರ್ಧ ಗಂಟೆ ಕೂತಿದ್ದೆ, ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದ್ದೇನೆ. ಹೆಂಗಸರು ಗಾಡಿ ಕಲಿಯುವುದು ನನಗೆ ಸರಿಬಾರದು ಎಂಬುದನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ. ಮನಸ್ಸಿಗೆ ಸರಿಬಾರದ ಕಡೆಗೇ ಲೆಕ್ಕ ಹೊರಳಿತು ಎಂದು ಈಗ ಅನಿಸುತ್ತದೆ.

ನವೆಂಬರ್ ಐದರ ಬೆಳಿಗ್ಗೆ ಏನಾಯಿತೆಂದು ನಿನಗೆ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಅಂದು ನನ್ನ ಒಳಗೆ ಏನಿತ್ತೆಂದು ನಿನಗೆ ಗೊತ್ತಿಲ್ಲ. ನನ್ನ ತಮ್ಮನ ಮಗಳು ಸರೋಜಿನಿಯ ಮದುವೆಗೆ ಹೊರಟಿದ್ದೆ. ಅವಳು ತಾಯಿಯಿಲ್ಲದ ಹುಡುಗಿ. ಬಾಣಂತಿಕೋಣೆಯಿಂದ ಅವಳನ್ನು ಎತ್ತಿಕೊಂಡು ಹೊರಗೆ ತಂದವಳು ನಾನು. ಧಾರೆಯ ಹೊತ್ತಿಗೆ ತಾಯಿಯ ಜಾಗದಲ್ಲಿ ಸೋದರತ್ತೆ ನಿಲ್ಲಬೇಕು ಎಂದು ತಮ್ಮ ಮೂರು ಕಾಗದ ಬರೆದಿದ್ದ. ಮದ್ರಾಸ್ ಮೇಲ್ ತಪ್ಪಿದರೆ ಮುಂದಿನ ಯಾವ ಗಾಡಿಗೂ ಸೀಟಿಲ್ಲ. ಟ್ರಂಕು, ಹೋಲ್ಡಾಲು ಎಲ್ಲ ಡಿಕ್ಕಿಗೆ ಏರಿಸಿ ಕೂತರೆ ಟಕ್ ಎಂದಿತು. ನೂಕಿದರೂ ಏಳಲಿಲ್ಲ. ಟ್ಯಾಕ್ಸಿ ಸಿಗಲು ಮುಕ್ಕಾಲು ಗಂಟೆ, ಸಿಕ್ಕಿದ್ದು ಹೌರಾ ಸೇತುವೆಯ ಬಾಯಲ್ಲಿ ಮಿಛಿಲಿಗೆ ಸಿಕ್ಕಿಕೊಂಡಿತು. ಕೆಂಪು ಬಾವುಟ ಹಿಡಿದವರ ಆ ಮೆರವಣಿಗೆ ಮುಗಿಯುವಂತೆಯೇ ಇರಲಿಲ್ಲ. ಪ್ಲಾಟ್‌ಫಾರಂಗೆ ಹೋಗುವಾಗ ಖಾಲಿ ಹಳಿ. ವಾಪಸು ಬಂದು ಇಳಿದವಳೇ ನಿನ್ನನ್ನು ಕಂಡೆ. ನೀನು ಓಡಿ ಬಂದು ಟ್ರಂಕಿಗೆ ಕೈ ಹಾಕಿದೆ. ಆಗ ನಾನು ಅಂದೆ, ಇಡೀ ಗಲ್ಲಿಗೆ ಕೇಳುವ ಹಾಗೆ: "ನಿನ್ನ ಅಪ್ಪನ ಮನೆಯಲ್ಲಿ ಕಾರು ಇದ್ದಿದ್ದರೆ ಅದನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಗೊತ್ತಿರುತ್ತಿತ್ತು. ಲೈಟು ಹಾಕಿ ಬಿಟ್ಟು ನನ್ನ ಮದುವೆಮನೆ ಸುಟ್ಟೆ." ನೀನು ಒಂದೇ ಮಾತು ಹೇಳಿದೆ, "ನಾನು ಲೈಟ್ ಹಾಕೇ ಇಲ್ಲ ಅತ್ತೆ." ಅಷ್ಟೇ. ಅಳಲಿಲ್ಲ, ಎದುರಾಡಲಿಲ್ಲ. ಮೇಲಿನ ಮನೆಯ ಘೋಷರ ಹೆಂಡತಿ ವರಾಂಡದಲ್ಲಿ ಬಟ್ಟೆ ಹರವುತ್ತಿದ್ದವಳು ಕೈ ನಿಲ್ಲಿಸಿ ನೋಡುತ್ತಿದ್ದಳು. ಮರುದಿನ ಬೆಳಿಗ್ಗೆ ನೀನು ನನಗೆ ನಮಸ್ಕಾರ ಮಾಡಿ ಹೊರಟೆ. ಆ ನಮಸ್ಕಾರ ಮಾಡದೆ ಹೋಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನೀನು ಹೋದ ದಿನವೇ ಬ್ಯಾಟರಿ ಚಾರ್ಜಿಗೆ ಹೋಯಿತು. ಗುರುವಾರ ತಂದು ಕೂರಿಸಿ ಸುಧಾಕರ ಗಾಡಿ ಶುರು ಮಾಡಿ ನೋಡಿ ನಿಲ್ಲಿಸಿದ. ನಾನು ಕೈ ಚಾಚಿ ಕೀಲಿ ಇಸಕೊಂಡೆ. ಗಾಡಿಗೆ ಬೀಗ, ಕೀಲಿ ನನ್ನ ಸೆರಗಿನ ಗಂಟಿನಲ್ಲಿ. ಸ್ನಾನಕ್ಕೆ ಹೋಗುವಾಗಲೂ ದೇವರ ಮುಂದೆ ಇಟ್ಟು ಹೋಗುತ್ತಿದ್ದೆ. ಶುಕ್ರವಾರಗಳಲ್ಲಿ ಪೂಜೆಗೆ ನಾನೇ ಬಾನೆಟ್ ತೆಗೆಯುತ್ತಿದ್ದೆ, ಅಷ್ಟು ಬಿಟ್ಟರೆ ನರಪಿಳ್ಳೆ ಅದರ ಹತ್ತಿರ ಸುಳಿದಿಲ್ಲ. ಇನ್ನು ನೋಡೋಣ ಎಂದುಕೊಂಡೆ. ನಾನು ಹೇಳಿದ್ದೇ ಸರಿಯೆಂದು ಇಡೀ ಮನೆಗೆ ತೋರಿಸುವ ಹಟ ಇತ್ತು, ಇಲ್ಲವೆನ್ನುವುದಿಲ್ಲ. ಹತ್ತೊಂಬತ್ತನೆಯ ತಾರೀಕು ಸೋಮವಾರ, ಸುಧಾಕರ ಸಿಲಿಗುರಿಗೆ ಹೊರಡುವ ದಿನ, ಸ್ಟೇಷನ್ನಿಗೆ ಕಾರಿನಲ್ಲೇ ಹೋಗು, ಅಪ್ಪ ಜೊತೆಗೆ ಬಂದು ಗಾಡಿ ವಾಪಸು ತರುತ್ತಾರೆ ಎಂದು ನಾನೇ ಗಂಟು ಬಿಚ್ಚಿ ಕೀಲಿ ಕೊಟ್ಟೆ. ಟಕ್. ಅಷ್ಟೇ ಸದ್ದು. ಸುಧಾಕರ ನನ್ನ ಮುಖ ನೋಡಲಿಲ್ಲ, ಹೋಲ್ಡಾಲು ಹೆಗಲಿಗೇರಿಸಿ ಟ್ರಾಮಿಗೆ ನಡೆದ. ನಿನ್ನ ಮಾವನವರು ಪೇಪರು ಮಡಿಚಿ, "ನಿನ್ನ ಸೊಸಿ ಬಾರಾನಗರದಗೆ ಕೂಕಂಡೇ ಇಲ್ಲಿ ಲೈಟ್ ಹಾಕ್ತಳಾ ಮಾರಾಯ್ತಿ?" ಎಂದರು. ನಾನು ಎರಡು ಹೊತ್ತು ಅವರಿಗೆ ತಟ್ಟೆ ಕುಕ್ಕಿ ಬಡಿಸಿದೆ. ಮೂವತ್ತಾರು ವರ್ಷದ ಸಂಸಾರದಲ್ಲಿ ಅವರು ಆಡಿದ ಕುಹಕಗಳಲ್ಲಿ ಸರಿಯಾಗಿ ನಾಟಿದ್ದು ಅದೊಂದೇ.

ಆಮೇಲೆ ನನಗೆ ನಿದ್ದೆ ಕಡಿಮೆಯಾಯಿತು. ಯಾರೂ ಮುಟ್ಟದ ಗಾಡಿಯ ಜೀವ ಎಲ್ಲಿ ಹೋಗುತ್ತದೆ? ಲೇಕ್ ಮಾರ್ಕೆಟ್ಟಿನಲ್ಲಿ ನಾವು ಕುಚ್ಚಲಕ್ಕಿ ತರುವ ಅಂಗಡಿಯವನ ಹತ್ತಿರ ಬೈದುಕೊಳ್ಳುತ್ತಿದ್ದಾಗ ಅವನೇ ಹೇಳಿದ, ಖಿದಿರ್‌ಪುರದ ಡಾಕಿನಲ್ಲಿ ಹಡಗುಗಳ ಎಲೆಕ್ಟ್ರಿಕ್ ಕೆಲಸ ಮಾಡುವ ನಮ್ಮ ಕಡೆಯ ಒಬ್ಬರಿದ್ದಾರೆ, ಉಳ್ಳಾಲದ ಬ್ಯಾರಿ, ಹಸನಬ್ಬ ಎಂದು ಹೆಸರು, ಭಾನುವಾರ ಅಕ್ಕಿಗೆ ಬರುತ್ತಾರೆ, ಹೇಳಿ ಕಳುಹಿಸುತ್ತೇನೆ ಎಂದು. ಇಪ್ಪತ್ತೈದರಂದು ಬೆಳಿಗ್ಗೆ ಅವರು ಬಂದರು. ಅರುವತ್ತು ದಾಟಿದ ಮನುಷ್ಯ, ಬಿಳಿ ಟೊಪ್ಪಿ, ಕೈಯಲ್ಲಿ ಕ್ಯಾನ್ವಾಸಿನ ಚೀಲ. ಬಂದವರೇ ಚಪ್ಪಲಿ ಹೊರಗೆ ಬಿಟ್ಟು, "ಅಮ್ಮ, ಕುಂದಾಪುರದವರಂತೆ ಅಲ್ವಾ? ನಮ್ಮ ಊರಿನವರೇ ಆಯ್ತು" ಎಂದರು. ಈ ಊರಿನಲ್ಲಿ ಹೊರಗಿನವರೊಬ್ಬರ ಬಾಯಲ್ಲಿ ಆ ರಾಗ ಕೇಳಿ ಎಷ್ಟು ಕಾಲವಾಗಿತ್ತು! ಆದರೂ ನಾನು ಬಿಗಿಯಾಗಿಯೇ ಇದ್ದೆ. ಮೊದಲಿನಿಬ್ಬರನ್ನು ಕಂಡವಳಲ್ಲವೇ.

ಅವರೂ ಸುಧಾಕರನ ಹಾಗೆಯೇ ಬಲ್ಬು ಸಿಕ್ಕಿಸಿದರು. ಹತ್ತಲಿಲ್ಲ. ನನ್ನ ಮಗ ಇದನ್ನೆಲ್ಲ ಮಾಡಿ ಆಗಿದೆ ಎಂದೆ. "ಮಗ ಸರಿಯಾಗೇ ಮಾಡಿದ್ದಾರಮ್ಮ, ಆದ್ರೆ ಅವರು ಬಾಗಿಲಲ್ಲಿ ಕಾವಲು ನಿಂತದ್ದು. ಕರೆಂಟು ಬಾಗಿಲು ದಾಟಿ ಹೋಗ್ಲೇ ಇಲ್ಲ, ಒಳಗೇ ಖರ್ಚಾದ್ರೆ ಬಲ್ಬಿಗೆ ಹೇಗೆ ಗೊತ್ತಾಗ್ತದೆ?" ಎಂದರು. ಎರಡೂ ಕೊಂಬಿನ ತಂತಿ ಕಳಚಿ ದೂರ ಸರಿಸಿದರು. ಈಗ ಬ್ಯಾಟರಿಗೂ ಗಾಡಿಗೂ ಸಂಬಂಧವೇ ಇಲ್ಲ. ಚೀಲದಿಂದ ಒಂದು ಮೀಟರು ತೆಗೆದು, ಅದರ ಒಂದು ಮೊನೆಯನ್ನು ಬ್ಯಾಟರಿಯ ಒಂದು ಕೊಂಬಿಗೆ ಒತ್ತಿ ಹಿಡಿದು, ಇನ್ನೊಂದು ಮೊನೆಯನ್ನು ಕೈಯಲ್ಲಿಟ್ಟುಕೊಂಡು ನನ್ನ ಕಡೆ ನೋಡಿದರು. "ಅಮ್ಮ, ಈ ಕುಂಕುಮಕ್ಕೆ ತಾಗಿಸ್ಬಹುದಾ? ಮೊನೆ ಮಾತ್ರ. ಕೈ ತಾಗಿಸುದಿಲ್ಲ." ತಾಗಿಸಿ ಎಂದೆ. ಮೊದಲು ಬದಿಯ ಒಣ ಕಪ್ಪು ಜಾಗಕ್ಕೆ ಇಟ್ಟರು, ಮುಳ್ಳು ಅಲ್ಲಾಡಲಿಲ್ಲ. ಕುಂಕುಮದ ಮೇಲೆ ಇಟ್ಟರು, ಮುಳ್ಳು ಎದ್ದಿತು. ಹಾಗೇ ಇನ್ನೊಂದು ಕೊಂಬಿನ ಕಡೆಗೆ ಕುಂಕುಮದ ಮೇಲೇ ಸರಿಸುತ್ತಾ ಹೋದರು, ಮುಳ್ಳು ಮೆಟ್ಟಿಲು ಹತ್ತಿದ ಹಾಗೆ ಏರುತ್ತಾ ಹೋಯಿತು. ನಿನ್ನ ಮಾವನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿ ನೋಡಿದರು.

"ಇದೇ ದಾರಿ ಅಮ್ಮ," ಎಂದರು ಹಸನಬ್ಬ. "ಅರಿಶಿನ, ಸುಣ್ಣ, ಹಾಲು, ಎಳನೀರು, ಅದರ ಮೇಲೆ ಬ್ಯಾಟರಿಯ ಆಸಿಡ್ಡು ಬೆವರ್ತದೆ. ಈ ಊರಿನ ಗಾಳಿಯಲ್ಲಿ ಇದು ಒಣಗುದೇ ಇಲ್ಲ. ಈ ಕೊಂಬಿಂದ ಆ ಕೊಂಬಿಗೆ ನೀವೇ ರಸ್ತೆ ಹಾಕಿದ ಹಾಗೆ ಆಗಿದೆ. ಹಗಲೂ ರಾತ್ರಿ ಕರೆಂಟು ಇದರ ಮೇಲೆ ನಡೀತಾ ಉಂಟು. ಹಡಗಲ್ಲಿ ಉಪ್ಪು ನೀರು ಹಾರಿದ್ರೂ ಹೀಗೇ." ನನಗೆ ಮೈಯೆಲ್ಲ ಬೆಂಕಿಯಾಯಿತು. ನನ್ನ ಅಪ್ಪ ನಲವತ್ತು ವರ್ಷ ಎಂಜಿನಿಗೆ ಹಚ್ಚಿದ್ದಾರೆ, ಆಗ ಯಾವ ರಸ್ತೆಯೂ ಆಗಲಿಲ್ಲವಲ್ಲ ಎಂದು ಜೋರು ಮಾಡಿದೆ. ಅವರು ಜೋರು ಮಾಡಲಿಲ್ಲ. "ಎಂಜಿನಿಗೆ ಹಚ್ಚಿ ಅಮ್ಮ, ಬೇಡ ಅಂದದ್ದು ಯಾರು? ಅದು ಕಬ್ಬಿಣ, ಏನು ಹಚ್ಚಿದ್ರೂ ತಡೀತದೆ. ಬ್ಯಾಟರಿಯ ಎರಡು ಕೊಂಬಿನ ನಡುವೆ ಮಾತ್ರ ಬೇಡ" ಎಂದರು. ನಾನು ತಪ್ಪು ಹುಡುಕಲು ನೋಡಿದೆ, ಕೋಕಿಲಾ, ಪ್ರಾಮಾಣಿಕವಾಗಿ ಹುಡುಕಿದೆ. ಆ ಮೊನೆಯನ್ನು ನನ್ನ ಕೈಗೇ ಕೊಡಿ ಎಂದು ಇಸಕೊಂಡು ಮೂರು ಸಲ ನಾನೇ ಇಟ್ಟು ನೋಡಿದೆ. ಮೂರು ಸಲವೂ ಮುಳ್ಳು ಎದ್ದಿತು. ಆ ಮುಳ್ಳಿಗೆ ನಾನು ಯಾರ ಮನೆಯ ಅತ್ತೆ ಎಂದು ಗೊತ್ತಿಲ್ಲವಲ್ಲ.

ಹಾಗಾದರೆ ತೊಳೆದುಬಿಡಿ ಎಂದೆ. ಅವರು ಚೀಲ ಮುಚ್ಚಿ ಎರಡು ಹೆಜ್ಜೆ ಹಿಂದೆ ನಿಂತರು. "ಅದು ನಾನು ಮಾಡ್ಲಿಕ್ಕೆ ಆಗುದಿಲ್ಲಮ್ಮ. ಪೂಜೆ ನಿಮ್ಮದು, ನಿಮ್ಮ ಕೈಯಿಂದಲೇ ಆಗ್ಬೇಕು. ಬಿಸಿನೀರಿಗೆ ಒಗೆಯುವ ಸೋಡಾ ಹಾಕಿ, ಕೈಗೆ ಬಟ್ಟೆ ಸುತ್ತಿ. ನಾನು ಇಲ್ಲೇ ನಿಂತು ಹೇಳ್ತೇನೆ." ನಾನು ಮುತ್ತೈದೆ. ಹಚ್ಚಿದ ಕುಂಕುಮವನ್ನು ಕೈಯಾರೆ ಒರೆಸುವುದೆಂದರೆ ನನಗೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ದೇವರ ಮುಂದೆ ಒಂದು ಕ್ಷಣ ಕಣ್ಣು ಮುಚ್ಚಿ ನಿಂತು ಬಂದು ಒರೆಸಿದೆ. ಸೋಡಾ ನೀರು ಬಿದ್ದ ಕೂಡಲೇ ಬುಸ್ ಎಂದು ನೊರೆಯೆದ್ದಿತು, ಹಳದಿಯಾಗಿದ್ದ ಅರಿಶಿನವೂ ಕೆಂಪಾಗಿ ಹರಿಯಿತು. ಆ ಕೆಂಪು ನೊರೆಯನ್ನು ಕಂಡಾಗಲೇ ಶ್ರಾವಣದ ಆ ದಿನ ನನ್ನ ಕಣ್ಣೆದುರು ಬಂದು ನಿಂತದ್ದು. ಮೂರನೆಯ ಶುಕ್ರವಾರ ಕಳೆದ ಮೇಲೆ ನೀನು ಹಳೆಯ ಬನಿಯನ್ನಿನ ತುಂಡು ಹಿಡಿದು ಬ್ಯಾಟರಿ ಒರೆಸುತ್ತಿದ್ದೆ. ನಾನು ಬಂದು ನೋಡಿ 'ಏನಿದು' ಎಂದರೆ, "ಬುಕ್‌ನಲ್ಲಿ ಡ್ರೈ ಇರಬೇಕು ಅಂತಿದೆ ಅತ್ತೆ, ವೆಟ್ ಇದ್ರೆ ಚಾರ್ಜ್ ಹೋಗತ್ತಂತೆ" ಎಂದೆ. ಹೇಳಿದ್ದೆ ನೀನು. ಅಷ್ಟು ಸ್ಪಷ್ಟವಾಗಿ ಹೇಳಿದ್ದೆ. ನಾನು ಬಟ್ಟೆ ಕಿತ್ತುಕೊಂಡು ಅಂದ ಮಾತು, "ಕುಂಕುಮ ಒರೆಸುವ ಕೈ ಈ ಮನೆಗೆ ಒಳ್ಳೆಯದು ತರುವುದಿಲ್ಲ." ಮದುವೆಯಾಗಿ ಎರಡು ವರ್ಷವಾಗದ ಹುಡುಗಿಗೆ. ಅದಾದ ಮೇಲೆ ನೀನು ಬಾನೆಟ್ಟಿನ ಹತ್ತಿರ ಬರಲಿಲ್ಲ. ಆ ವಾರವೆಲ್ಲ ಗಾಡಿ ಚೆನ್ನಾಗಿ ಎದ್ದಿತ್ತು ಎಂಬುದೂ ಈಗ ನೆನಪಿಗೆ ಬರುತ್ತದೆ. ನಾನೇ ಮತ್ತೆ ಹಚ್ಚಿದೆ, ಹೋದದ್ದಕ್ಕೆ ಸೇರಿಸಿ ಎರಡರಷ್ಟು.

ಈಗ ನನ್ನ ಸಿಟ್ಟಿನ ಮಾತು. ಆ ಡೈನಮೋದವನು ನೋಡಿದ, ಕೈಮುಗಿದ, ಬಾಯಿ ಬಿಡಲಿಲ್ಲ. ಸರ್ದಾರ್ಜಿ ನೋಡಿದ, ಅವನೂ ಹಾಗೇ. ಒದ್ದೆ ಇರಕೂಡದೆಂದು ಕೆಲಸದವರಿಗೆಲ್ಲ ಗೊತ್ತಿರುತ್ತದೆ ಎಂದು ಹಸನಬ್ಬ ಹೇಳುತ್ತಾರೆ. ಹಾಗಿದ್ದರೆ ದೇವರ ಹೆದರಿಕೆಗೋ ನನ್ನ ಹೆದರಿಕೆಗೋ ಇವರೆಲ್ಲ ಸುತ್ತಮುತ್ತ ಬಿಚ್ಚಿದರು, ಅದೊಂದನ್ನು ಬಿಟ್ಟರು. ಸುಧಾಕರನಂತೂ ಪುಸ್ತಕ ಓದಿದವನು! ಆ ಪುಸ್ತಕದಲ್ಲಿ ನಿನಗೆ ಕಂಡ ಸಾಲು ಅವನಿಗೆ ಕಾಣಲಿಲ್ಲವೇ? ಕಂಡಿತ್ತು. ಅಮ್ಮನ ಪೂಜೆಗೆ ಯಾಕೆ ಕೈ ಹಾಕಬೇಕೆಂದು ಸುಮ್ಮನಿದ್ದ. ಅವನು ಬಂದ ಮೇಲೆ ನಾನು ಕೇಳುವವಳೇ. ನಿನ್ನ ಮಾವನವರನ್ನು, ನೀವಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿರೆ ನೀನ್ ಕೇಂತಿದ್ಯಾ?" ಎಂದರು. ಇಡೀ ಮನೆಯಲ್ಲಿ ಬಾಯಿಬಿಟ್ಟು ಹೇಳಿದವಳು ನೀನೊಬ್ಬಳು, ಬೈಸಿಕೊಂಡವಳೂ ನೀನೊಬ್ಬಳು. ನನಗೆ ಹೆದರಿ ಸುಮ್ಮನಿರುವವರ ನಡುವೆ ಇಷ್ಟು ವರ್ಷ ನಾನು ಯಜಮಾನಿಕೆ ಮಾಡುತ್ತಿದ್ದೆ ಎಂದರೆ ಅದು ನನಗೇನು ಮರ್ಯಾದೆ ತರುವ ಸಂಗತಿಯಲ್ಲ.

ಬ್ಯಾಟರಿಯನ್ನು ಹಸನಬ್ಬ ತಾವೇ ಅಂಗಡಿಗೆ ಕೊಂಡುಹೋಗಿ ಚಾರ್ಜು ತುಂಬಿಸಿ ಸಂಜೆಗೆ ತಂದು ಕೂರಿಸಿದರು. ಏಳು ದಿನ ಯಾರೂ ಮುಟ್ಟಬೇಡಿ, ಎಂಟನೆಯ ದಿನ ನೋಡಿ ಎಂದರು. ಶುಕ್ರವಾರ ಪೂಜೆ ಮಾಡಿದೆ, ಬಾನೆಟ್ಟಿನ ಮೇಲೆ ಒಂದು ಹೂವಿಟ್ಟು, ಅಷ್ಟಕ್ಕೇ ನಿಲ್ಲಿಸಿದೆ. ನಿನ್ನೆ ಭಾನುವಾರ ನಾನೇ ಕೀಲಿ ಹಿಡಿದು ಗಾಡಿಯ ಬಲಗಡೆಯ ಬಾಗಿಲು ತೆಗೆದು ಕೂತೆ. ಹೌದು, ನಾನೇ. ನಿನ್ನ ಮಾವನವರು ಗಾಬರಿಯಿಂದ ಕಿಟಕಿಯಲ್ಲಿ ಕೈ ಹಾಕಿ ಗೇರು ಅಲ್ಲಾಡಿಸಿ ನೋಡಿದರು. ಕೀಲಿ ತಿರುಗಿಸಿ ಗುಂಡಿ ಎಳೆದೆ. ಒಂದೇ ಸಲಕ್ಕೆ ಎದ್ದಿತು. ಆ ಸದ್ದು ಕೇಳಿ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನೀನು ಕೂರುತ್ತಿದ್ದ ಆ ಸೀಟಿನಲ್ಲಿ ಸ್ಟೀರಿಂಗು ಹಿಡಿದುಕೊಂಡು ಕೂತಿದ್ದೆ. ಅದನ್ನು ನಿಲ್ಲಿಸುವುದು ಹೇಗೆಂದೂ ನನಗೆ ತಿಳಿಯಲಿಲ್ಲ, ಅವರೇ ಬಂದು ನಿಲ್ಲಿಸಿದರು.

ಆಮೇಲೆ ಮೆಟ್ಟಿಲು ಹತ್ತಿ ಘೋಷರ ಮನೆಗೆ ಹೋದೆ. ಮಾತು ಅಂದದ್ದು ಅವರ ಕಿವಿಗೆ ಬಿದ್ದಿತ್ತಲ್ಲ, ಹಾಗಾಗಿ ವಾಪಸು ತೆಗೆದುಕೊಂಡದ್ದೂ ಬೀಳಬೇಕು. ನನ್ನ ಬಂಗಾಳಿ ನಿನಗೆ ಗೊತ್ತೇ ಇದೆ, ಮೀನಿನವಳನ್ನು ಬಾಗಿಲಿಂದ ಓಡಿಸುವಷ್ಟು. "ದೋಷ್ ಬೌಮಾರ್ ನಯ್, ಆಮಾರ್" ಎಂದೆ, ತಪ್ಪು ಸೊಸೆಯದಲ್ಲ, ನನ್ನದು ಎಂದು. ಆಕೆ ಏನಂದಳು ಗೊತ್ತೇ? "ಶೇ ತೋ ಆಮಿ ಜಾನಿ, ದಿದಿ." ಅದು ಅವಳಿಗೆ ಗೊತ್ತಿತ್ತಂತೆ! ಕೂತ ಜಾಗದಿಂದ ಏಳದೆ, ತರಕಾರಿ ಹೆಚ್ಚುತ್ತಾ ಹೇಳಿದಳು. ಇಪ್ಪತ್ತೇಳು ದಿನ ಮೇಲಿನಿಂದ ನನ್ನನ್ನು ನೋಡಿ ಅವಳು ಇದನ್ನೇ ಅಂದುಕೊಳ್ಳುತ್ತಿದ್ದಳೋ ಏನೋ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಸರೋಜಿನಿಯ ಮದುವೆ ಚೆನ್ನಾಗಿ ನಡೆಯಿತೆಂದು ತಮ್ಮ ಬರೆದಿದ್ದಾನೆ. ನನ್ನ ಜಾಗದಲ್ಲಿ ಅವಳ ಚಿಕ್ಕಮ್ಮ ನಿಂತರಂತೆ. ಅದು ಇನ್ನು ನನಗೆ ಸಿಗುವುದಲ್ಲ. ಅದನ್ನು ಕಳೆದುಕೊಂಡದ್ದು ನನ್ನ ಕೈಯಾರೆ ಎಂದು ಅವನಿಗೆ ಬರೆಯಲು ಕೂತರೆ ಪೆನ್ನು ಏಳುವುದಿಲ್ಲ. ಮೊದಲು ನಿನಗೆ ಬರೆಯುತ್ತಿದ್ದೇನೆ. ನಿನ್ನ ಮಾವನವರು ಆಶೀರ್ವಾದ ತಿಳಿಸಿದ್ದಾರೆ. ನೀನಿಲ್ಲದೆ ಅವರಿಗೆ ಸಂಜೆ ಇಸ್ಪೀಟಿಗೆ ಜೊತೆಯಿಲ್ಲ, ನನ್ನ ಹತ್ತಿರ ಆಡಿದರೆ ನಾನು ಸೋಲುವುದಿಲ್ಲ ಎಂದು ಅವರ ದೂರು. ಮೈ ಬೆಚ್ಚಗಿಟ್ಟುಕೋ. ಹಿರಿಯರಿಗೆಲ್ಲ ನಮಸ್ಕಾರ, ನಿನಗೆ ಮತ್ತೊಮ್ಮೆ ಆಶೀರ್ವಾದ.

ಇಂತು ನಿನ್ನ ಅತ್ತೆ,
ಕುಸುಮಾವತಿ

ಮರೆತ ಮಾತು: ಬರುವ ಭಾನುವಾರ ಬಾರಾನಗರಕ್ಕೆ ಬರುತ್ತೇನೆ. ಕಾರಿನಲ್ಲಲ್ಲ. ನಿನ್ನ ಅಪ್ಪನ ಮನೆಯಲ್ಲಿ ಕಾರಿಲ್ಲವೆಂದು ಆಡಿದ ಬಾಯಿ ಇದು. ಅವರ ಬಾಗಿಲಲ್ಲಿ ಕಾರಿನಿಂದ ಇಳಿದು ತಪ್ಪು ಒಪ್ಪಿಕೊಂಡರೆ ಅದು ಒಪ್ಪಿಕೊಂಡ ಹಾಗಾಗುವುದಿಲ್ಲ. ಟ್ರಾಮಿನಲ್ಲಿ ಧರ್ಮತಲ, ಅಲ್ಲಿಂದ ಬಸ್ಸಿನಲ್ಲಿ ಶ್ಯಾಮಬಜಾರ, ಅಲ್ಲಿ ಬಸ್ಸು ಬದಲಿಸಬೇಕೆಂದು ನಿನ್ನ ಮಾವನವರು ಚೀಟಿ ಬರೆದುಕೊಟ್ಟಿದ್ದಾರೆ. ಒಬ್ಬಳೇ ಬರುತ್ತೇನೆ, ಅವರು ಜೊತೆಗೆ ಬರುತ್ತೇನೆಂದರು, ಬೇಡವೆಂದೆ. ನಿನ್ನ ಅಪ್ಪ ಆ ದಿನ ಮನೆಯಲ್ಲಿರಲಿ, ಅವರ ಹತ್ತಿರ ಮಾತಾಡುವುದಿದೆ. ನೀನು ನನ್ನ ಜೊತೆ ಹೊರಡಬೇಕೆಂದು ನಾನು ಅಂದು ಕೇಳುವುದಿಲ್ಲ, ಅದಕ್ಕಾಗಿ ಬರುತ್ತಿರುವುದಲ್ಲ. ಬರಬೇಡಿ ಎನ್ನುವುದಾದರೆ ಶನಿವಾರದೊಳಗೆ ಸಿಗುವ ಹಾಗೆ ಒಂದು ಕಾರ್ಡು ಹಾಕು, ಇಂಗ್ಲಿಷಿನಲ್ಲಿದ್ದರೂ ಸರಿ, ಓದಿಕೊಳ್ಳುತ್ತೇನೆ. ಕಾರ್ಡು ಬಾರದಿದ್ದರೆ ಬೆಳಿಗ್ಗೆ ಏಳಕ್ಕೆ ಮನೆ ಬಿಡುತ್ತೇನೆ.